ಬಡ ರೋಗಿಗಳು ಮತ್ತೆ ಮತ್ತೆ ಆಸ್ಪತ್ರೆ ಸೇರುವುದು ಯಾರ ತಪ್ಪು?

ಬಿಡುಗಡೆಯಾದ ತಿಂಗಳೊಳಗೆ ಮತ್ತೆ ದಾಖಲಾಗುವವರಲ್ಲಿ ಬಡವರೇ ಹೆಚ್ಚು ಏಕೆ, ಅದು ಅವರ ನಿರ್ಲಕ್ಷ್ಯವೋ ಆಸ್ಪತ್ರೆಯ ಅಸಡ್ಡೆಯೋ ಎಂದು ಕೇಳಿದ್ದೀರಿ. ನಾನು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಹನ್ನೊಂದು ವರ್ಷದಿಂದ ಹೆಚ್ಚಾಗಿ ಹೃದ್ರೋಗಿಗಳ ನಡುವೆಯೇ ಇದ್ದೇನೆ. ಒಬ್ಬ ಹೆಂಗಸಿನ ವಿಷಯದಿಂದಲೇ ಆರಂಭಿಸುತ್ತೇನೆ.

ಹೃದಯ ದುರ್ಬಲವಾಗಿ, ಕಾಲು ಬಾತು, ಉಬ್ಬಸಪಡುತ್ತ ಬಂದಿದ್ದರು. ಆರು ದಿನದಲ್ಲಿ ಬಾವು ಇಳಿಯಿತು, ಮನೆಗೆ ಹೋದರು. ಹದಿನೆಂಟನೆಯ ದಿನ ಮತ್ತೆ ಅದೇ ಉಬ್ಬಸ, ಅದೇ ಮಂಚ. ವೈದ್ಯರು ಗದರಿದರು, ಆಕೆ ತಲೆ ತಗ್ಗಿಸಿದರು, ‘ಔಷಧ ಸರಿಯಾಗಿ ಸೇವಿಸಿಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆದದ್ದೂ ಆಯಿತು. ಮಧ್ಯಾಹ್ನ ರಕ್ತದೊತ್ತಡ ನೋಡುವಾಗ ಮೆಲ್ಲಗೆ ವಿಚಾರಿಸಿದೆ. ಮೈಯಲ್ಲಿ ನಿಂತ ನೀರನ್ನು ಹೊರಹಾಕುವ ಫ್ರುಸೆಮೈಡ್ ಗುಳಿಗೆಯನ್ನು ನಾವು ನೀರಿನ ಗುಳಿಗೆ ಎನ್ನುತ್ತೇವೆ. ನುಂಗಿ ಒಂದು ಗಂಟೆಯೊಳಗೆ ಮೂತ್ರಕ್ಕೆ ಅವಸರ ಶುರುವಾಗುತ್ತದೆ, ಮುಂದೆ ಐದಾರು ಗಂಟೆ ಬಿಡುವುದಿಲ್ಲ. ಆಕೆ ಬೆಳಿಗ್ಗೆ ಎಂಟಕ್ಕೆ ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋಗುವವರು. ಪೈರು ಇನ್ನೂ ಮೊಣಕಾಲೆತ್ತರ, ಸುತ್ತ ಗಂಡಾಳುಗಳು, ಮರೆಗೆ ಒಂದು ಗಿಡವೂ ಇಲ್ಲ. ಹೀಗಾಗಿ ಕೂಲಿಗೆ ಹೋಗುವ ದಿನ ಗುಳಿಗೆ ಬಂದ್. ಮನೆಯಲ್ಲಿ ಉಳಿಯುವುದು ವಾರಕ್ಕೊಂದು ದಿನ. ಗುಳಿಗೆ ಪುಕ್ಕಟೆಯಾಗಿಯೇ ಸಿಕ್ಕಿತ್ತು, ಅದು ನೆನಪಿರಲಿ. ವೈದ್ಯರಿಗೆ ಹೇಳಿದಾಗ, ಪಾಪ, ಅವರೂ ಸುಮ್ಮನಾದರು. ಹೊಲದಿಂದ ಮರಳಿದ ಮೇಲೆ, ನಾಲ್ಕು ಗಂಟೆಗೆ ನುಂಗಲು ಬರೆದುಕೊಟ್ಟರು. ಇಷ್ಟು ಮೊದಲೇ ಕೇಳಿದ್ದರೆ ಎರಡನೆಯ ಸಲ ಮಂಚ ಬೇಕಾಗುತ್ತಿರಲಿಲ್ಲವೇನೋ.

ನಾವು ಕೊಡುವ ಬಿಡುಗಡೆ ಚೀಟಿ ಯಾರೋ ಬೇರೆಯವರಿಗಾಗಿ ಬರೆದಂತಿರುತ್ತದೆ. ಉಪ್ಪು ಕಡಿಮೆ ಮಾಡಿ ಎನ್ನುತ್ತದೆ. ತರಕಾರಿ ಕೊಳ್ಳಲಾಗದ ಮನೆಯಲ್ಲಿ ರೊಟ್ಟಿಯ ಜೊತೆಗಿರುವುದೇ ಉಪ್ಪಿನಕಾಯಿ ಮತ್ತು ಖಾರದ ಪುಡಿ. ನೀರು ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು ಎನ್ನುತ್ತದೆ. ಇಲ್ಲಿಯ ಏಪ್ರಿಲ್ ಬಿಸಿಲನ್ನು ಕಂಡವರು ಯಾರೂ ಅದನ್ನು ನಗದೆ ಓದಲಾರರು. ದಿನಾ ತೂಕ ನೋಡಿಕೊಳ್ಳಿ, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಬನ್ನಿ ಎನ್ನುತ್ತದೆ. ಇದು ನಿಜಕ್ಕೂ ಜೀವ ಉಳಿಸುವ ಸಲಹೆ, ಆದರೆ ತಕ್ಕಡಿ ಎಲ್ಲಿದೆ? ಒಬ್ಬ ಮುದುಕರಿಗೆ ಪಡಿತರ ಅಂಗಡಿಯಲ್ಲಿ ಅಕ್ಕಿ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಲ್ಲಲು ಹೇಳಿದ್ದೆ. ಅಂಗಡಿಯವರು ಮೊದಲು ನಕ್ಕರಂತೆ, ಆಮೇಲೆ ಅವರೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡತೊಡಗಿದರಂತೆ.

ಮರುತಪಾಸಣೆಗೆ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಅರ್ಥ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಖರ್ಚಾದರೂ ಉಳಿಯಿತು. ಈಗ ಮಾವನ ಚೀಟಿ ಹಿಡಿದು ಸೊಸೆ ಬಂದು ಗುಳಿಗೆ ಒಯ್ಯುತ್ತಾಳೆ. ಚೀಟಿಯ ಎದೆಗೆ ಸ್ಟೆತಾಸ್ಕೋಪ್ ಇಡುವುದು ನಮಗೆ ಇನ್ನೂ ಬಂದಿಲ್ಲ.

ವಿಮೆ ಇದೆಯಲ್ಲ ಎನ್ನಬಹುದು. ಇದೆ, ದೊಡ್ಡ ಉಪಕಾರವೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಆಯುಷ್ಮಾನ್ ಯೋಜನೆ ಬಿಡುಗಡೆಯ ನಂತರದ ಔಷಧ, ಪರೀಕ್ಷೆಗಳ ಖರ್ಚನ್ನು ನೋಡಿಕೊಳ್ಳುವುದು 15 ದಿನ ಮಾತ್ರ. ಹೃದಯದ ಗುಳಿಗೆ ಜೀವನಪೂರ್ತಿ ಬೇಕು. ಸರ್ಕಾರಿ ಔಷಧಾಲಯದಲ್ಲಿ ದಾಸ್ತಾನು ಮುಗಿದ ತಿಂಗಳು ಅದನ್ನು ಹೊರಗೆ ಕೊಳ್ಳಬೇಕು, ಇಲ್ಲವೇ ಬಿಡಬೇಕು.

ಅಮೆರಿಕದಲ್ಲಿ ಇದೇ ಪ್ರಶ್ನೆ ಕಾನೂನಿನ ಮಟ್ಟಕ್ಕೆ ಹೋಗಿದೆ. ಅಲ್ಲಿ ಮುಖ್ಯವಾಗಿ ವಯಸ್ಸಾದವರಿಗೆ ಇರುವ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ರೋಗಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರು 30 ದಿನದೊಳಗೆ ಮರಳುತ್ತಾರೆ ಎಂದು 2009ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತು. 2012ರ ಅಕ್ಟೋಬರ್‌ನಿಂದ, ಮರುದಾಖಲಾತಿ ನಿರೀಕ್ಷೆಗಿಂತ ಹೆಚ್ಚಿರುವ ಆಸ್ಪತ್ರೆಗಳ ಮೆಡಿಕೇರ್ ಪಾವತಿಗೆ ಕತ್ತರಿ ಬಿತ್ತು. ಮೊದಲು ಗರಿಷ್ಠ ಶೇ. 1, ಆಮೇಲೆ ಶೇ. 3. ಪೆಟ್ಟು ತಿಂದವುಗಳಲ್ಲಿ ಬಡವರನ್ನು ನೋಡಿಕೊಳ್ಳುವ ಆಸ್ಪತ್ರೆಗಳೇ ಹೆಚ್ಚು. ಕೂಗು ಎದ್ದ ಮೇಲೆ 2016ರಲ್ಲಿ ಕಾನೂನು ತಿದ್ದಿದರು. 2018ರ ಅಕ್ಟೋಬರ್‌ನಿಂದ ಬಡ ರೋಗಿಗಳ ಪ್ರಮಾಣ ನೋಡಿ ಆಸ್ಪತ್ರೆಗಳನ್ನು ಐದು ಗುಂಪು ಮಾಡಿ, ಗುಂಪಿನೊಳಗೇ ಹೋಲಿಸುತ್ತಾರೆ. ಬಡತನಕ್ಕೆ ರಿಯಾಯಿತಿ ಕೊಟ್ಟರೆ ಬಡವರಿಗೆ ಕಳಪೆ ಚಿಕಿತ್ಸೆ ಸಾಕು ಎಂದಂತಾಗುವುದಿಲ್ಲವೇ ಎಂಬ ವಾದವೂ ಅಲ್ಲಿದೆ. ಆ ವಾದವನ್ನು ನಾನು ಸುಲಭಕ್ಕೆ ತಳ್ಳಿಹಾಕಲಾರೆ, ಏಕೆಂದರೆ ನೀರಿನ ಗುಳಿಗೆಯ ವೇಳೆಯನ್ನು ಕೇಳದೆ ಇದ್ದವರು ನಾವೇ.

ಇನ್ನೊಂದು ಮಾತು. ಮರಳಿ ಬರುವವರು ಕಡಿಮೆಯಾದರೆಂದು ಖುಷಿಪಡುವ ಮುನ್ನ ನಾನು ಬಾರದವರನ್ನು ಹುಡುಕುತ್ತೇನೆ. ಎರಡು ಸಲ ತಪಾಸಣೆ ತಪ್ಪಿಸಿದ ಒಬ್ಬರ ನಂಬರಿಗೆ ಹೋದ ಮಾರ್ಚ್‌ನಲ್ಲಿ ಫೋನ್ ಮಾಡಿದೆ. ಎತ್ತಿದ್ದು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಮಗ. ಅಪ್ಪ ಆರಾಮವಾಗಿದ್ದಾರೆ ಸಿಸ್ಟರ್, ದೀಪಾವಳಿಗೆ ಊರಿಗೆ ಹೋದಾಗ ನೋಡಿದ್ದೆ ಎಂದ.