‘ಚಮ್ಮಿ’ ಅಂದರೆ ಹೊಗಳಿಕೆಯಾ?

ಓದುಗರೊಬ್ಬರ ಪತ್ರ: ನನ್ನ ವರ್ಷದ ಕೆಲಸದ ವರದಿಯಲ್ಲಿ ಮೇಲಧಿಕಾರಿ ‘ಎ ಬಿಟ್ ಟೂ ಚಮ್ಮಿ ವಿತ್ ದ ಸಪ್ಲೈಯರ್ಸ್’ ಎಂದು ಬರೆದಿದ್ದರು. ‘ಚಮ್ಮಿ’ (chummy) ಎಂಬ ಇಂಗ್ಲಿಷ್ ಪದ ಗೊತ್ತಿರಲಿಲ್ಲ, ನಿಘಂಟು ತೆಗೆದೆ. ‘ಸ್ನೇಹಪರ’ ಎಂದಿತ್ತು. ಖುಷಿಯಿಂದ ಹೋಗಿ ಥ್ಯಾಂಕ್ಸ್ ಹೇಳಿ ಬಂದೆ. ಪಕ್ಕದ ಟೇಬಲ್ಲಿನವರು ಇನ್ನೂ ನಗುತ್ತಿದ್ದಾರೆ. ಈ ಪದದ ಸರಿಯಾದ ಅರ್ಥ ಏನು? ನಾನೂ ಬಳಸಬಹುದಾ?

ಸಂಪಾದಕರ ಉತ್ತರ: ನಿಘಂಟು ನಿಮಗೆ ಅರ್ಧ ಹೇಳಿದೆ. ಉಳಿದರ್ಧ ನಗುತ್ತಿರುವವರಿಗೆ ಗೊತ್ತಿದೆ, ಅಷ್ಟೇ.

‘ಫ್ರೆಂಡ್ಲಿ’ ಅನ್ನುವುದು ಒಬ್ಬರ ಸ್ವಭಾವ. ದಾರಿ ಕೇಳಲು ಬಂದ ಅಪರಿಚಿತರ ಜೊತೆಗೂ ಫ್ರೆಂಡ್ಲಿ ಆಗಿರಬಹುದು. ನಾಯಿ ಫ್ರೆಂಡ್ಲಿ ಇರಬಹುದು, ಫೋನಿನ ಆ್ಯಪ್ ಕೂಡ ‘ಯೂಸರ್ ಫ್ರೆಂಡ್ಲಿ’ ಆಗಿರಬಹುದು. ‘ಯೂಸರ್ ಚಮ್ಮಿ’ ಅಂತ ಮಾತ್ರ ಯಾರೂ ಅನ್ನುವುದಿಲ್ಲ. ಚಮ್ಮಿ ಆಗಲು ಸಾಮಾನ್ಯವಾಗಿ ಇಬ್ಬರು ಬೇಕು. ಅವರ ನಡುವಿನ ಅಂತರ ಎಷ್ಟು ಕಡಿಮೆ ಅನ್ನುವುದನ್ನು ಈ ಪದ ಹೇಳುತ್ತದೆ. ಜೊತೆಗೆ, ಹೆಚ್ಚಿನ ಸಲ ಅಲ್ಲೊಬ್ಬ ಮೂರನೆಯವನೂ ಇರುತ್ತಾನೆ. ದೂರದಲ್ಲಿ ನಿಂತು ಅವರಿಬ್ಬರನ್ನು ನೋಡಿ, ‘ಓಹೋ!’ ಅನ್ನುವವನು. ನಿಮ್ಮ ವರದಿಯಲ್ಲಿ ಆ ಮೂರನೆಯವರು ನಿಮ್ಮ ಮೇಲಧಿಕಾರಿ.

ಪದದ ಹುಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ‘ಚಮ್’ ಎಂಬ ನಾಮಪದ 1680ರ ದಶಕದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಬಾಯಲ್ಲಿ ಓಡಾಡುತ್ತಿತ್ತು. ಒಂದೇ ಕೋಣೆಯಲ್ಲಿ ಇರುವವನು ಎಂದು ಅರ್ಥ. ಕೋಣೆ ಎನ್ನುವ ಅರ್ಥದ ‘ಚೇಂಬರ್’ ಸವೆದು ಹೀಗಾಗಿರಬೇಕು ಎನ್ನುವುದು ನಿಘಂಟುಕಾರರ ಊಹೆ. ಅಂದರೆ ಇವತ್ತಿನ ನಮ್ಮ ರೂಮ್‌ಮೇಟ್. ರೂಮ್‌ಮೇಟ್ ಸ್ನೇಹಿತನೇ ಆಗಿರಬೇಕು ಅಂತೇನಿಲ್ಲ, ಅಲ್ವಾ? ಸಾಲಗಾರರನ್ನು ಕೂಡಿಹಾಕುತ್ತಿದ್ದ ಲಂಡನ್ನಿನ ಜೈಲುಗಳಲ್ಲಿ ‘ಚಮ್ಮೇಜ್’ ಎಂಬ ಪದವೇ ಇತ್ತು. ಒಂದೇ ಕೋಣೆಗೆ ಹಲವರನ್ನು ತುಂಬುವ ಏರ್ಪಾಡು ಅದು. ಕೈಯಲ್ಲಿ ಕಾಸಿದ್ದ ಕೈದಿ, ಜೊತೆಗಿದ್ದವನಿಗೆ ದುಡ್ಡು ಕೊಟ್ಟು ಬೇರೆ ಕಡೆ ಕಳಿಸಬಹುದಿತ್ತು! ಇಂಡಿಯಾಕ್ಕೆ ಬಂದ ಬ್ರಿಟಿಷ್ ಬ್ರಹ್ಮಚಾರಿಗಳು ಸೇರಿ ಮಾಡಿಕೊಂಡಿದ್ದ ಮನೆಗೆ ‘ಚಮ್ಮರಿ’ ಅಂತಿದ್ದರು. ‘ಚಮ್ಮಿ’ ಎಂಬ ಗುಣವಾಚಕ ಬಂದದ್ದು ಬಹಳ ತಡವಾಗಿ, ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ. 1920ರ ದಶಕದಲ್ಲಿ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ಒಂದು ಮಾದರಿಗೂ ‘ಚಮ್ಮಿ’ ಎಂಬ ಹೆಸರಿತ್ತು. ಅದರೊಳಗೆ ಮೈಗೆ ಮೈ ತಾಗಿಸಿಯೇ ಕೂರಬೇಕಿತ್ತು, ಹೆಸರು ಸುಮ್ನೆ ಬಂದದ್ದಲ್ಲ.

ಇನ್ನು ಕನ್ನಡದಲ್ಲಿ ಏನನ್ನೋಣ? ‘ಸ್ನೇಹಪರ’ ಬಹಳ ಮರ್ಯಾದಸ್ಥ ಪದ. ಸನ್ಮಾನ ಪತ್ರದಲ್ಲಿ ಹಾಕಬಹುದು. ನನಗೆ ಮೊದಲು ಹೊಳೆದದ್ದು ‘ಸಲಿಗೆ’. ಆದರೆ ಸಲಿಗೆಯನ್ನು ದೊಡ್ಡವರು ಕೊಡುತ್ತಾರೆ, ಚಿಕ್ಕವರು ತಗೊಳ್ಳುತ್ತಾರೆ, ಜಾಸ್ತಿಯಾದರೆ ತಲೆ ಮೇಲೆ ಹತ್ತುತ್ತಾರೆ. ಅದರಲ್ಲೊಂದು ಮೇಲುಕೆಳಗಿದೆ. ಚಮ್ಮಿಯಲ್ಲಿ ಆ ಮೆಟ್ಟಿಲು ಇಲ್ಲ. ಒಬ್ಬ ದೊಡ್ಡವನೇ ಆಗಿದ್ದರೂ ಸಮಸಮ ಎಂಬಂತೆ ಬೆನ್ನು ತಟ್ಟಿಕೊಂಡಿರುತ್ತಾರೆ. ‘ದೋಸ್ತಿ’ ಇನ್ನೂ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಕೊಂಕು ಇಲ್ಲ. ಕೊಂಕನ್ನೂ ಸೇರಿಸಿ ಹೇಳುವ ಮಾತು ನಮ್ಮಲ್ಲಿ ಇದೆ: ಗಳಸ್ಯ ಕಂಠಸ್ಯ. ‘ಅವರಿಬ್ಬರದೂ ಈಗ ಭಾರಿ ಗಳಸ್ಯ ಕಂಠಸ್ಯ’ ಅಂದಾಗ ಹೇಳುವವರ ಹುಬ್ಬು ತಾನಾಗಿಯೇ ಮೇಲೇರುತ್ತದೆ. ಗಳ ಅಂದರೂ ಕೊರಳೇ, ಕಂಠ ಅಂದರೂ ಕೊರಳೇ. ಕೊರಳಿಗೆ ಕೊರಳು ತಾಗಿಸಿ ನಿಂತ ಇಬ್ಬರಿಗೂ ಇಕ್ಕಟ್ಟು ಕೋಣೆಯ ಆ ಇಬ್ಬರಿಗೂ ಬಹಳ ವ್ಯತ್ಯಾಸವಿಲ್ಲ ನೋಡಿ.

ಹಾಗಂತ ಚಮ್ಮಿ ಯಾವಾಗಲೂ ಚುಚ್ಚುಮಾತಲ್ಲ. ‘ಇಬ್ಬರೂ ಮೊದಲ ದಿನವೇ ಚಮ್ಮಿ ಆಗಿಬಿಟ್ಟರು’ ಅಂದರೆ ಅದರಲ್ಲಿ ಅಕ್ಕರೆಯೇ ಇದೆ. ಜೊತೆಗೆ ಯಾರು ಬರುತ್ತಾರೆ ನೋಡಬೇಕು. ಎದುರಾಳಿಯ ವಕೀಲ, ತೀರ್ಪು ಕೊಡುವವರು, ಬಿಲ್ ಕಳಿಸುವವರು ಬಂದರೆ ಪದ ಹುಳಿಯಾಗುತ್ತದೆ. ಸರಕು ಪೂರೈಸುವವರ ಜೊತೆ ಸ್ವಲ್ಪ ದೂರ ಇರಲಿ ಎಂದು ಕಚೇರಿಗಳು ಬಯಸುತ್ತವೆ. ನಿಮ್ಮ ವರದಿಯಲ್ಲಂತೂ ‘ಚಮ್ಮಿ’ಗೆ ಮೊದಲು ‘ಟೂ’ (too, ಅಂದರೆ ಅತಿಯಾಗಿ) ಬೇರೆ ನಿಂತಿದೆ. ನೀವು ನಿಘಂಟಿನಲ್ಲಿ ಹುಡುಕಬೇಕಿದ್ದದ್ದು ಆ ಪುಟ್ಟ ಪದವನ್ನು!

ಬಳಸಬಹುದಾ ಅಂದಿರಿ. ಮಾತಿನಲ್ಲಿ ಧಾರಾಳವಾಗಿ ಬಳಸಿ, ಸ್ವಲ್ಪ ಹಳೇ ಕಾಲದ ಬ್ರಿಟಿಷ್ ವಾಸನೆ ಬರುತ್ತದೆ ಅನ್ನುವುದು ನೆನಪಿರಲಿ. ‘ಚಮ್ಮಿ’ ಆದ ಮೇಲೆ ‘ವಿತ್’ (with) ಬರಬೇಕು, ‘ಟು’ (to) ಹಾಕಬೇಡಿ. ಅರ್ಜಿ, ಶಿಫಾರಸು ಪತ್ರಗಳಲ್ಲಿ ಬೇಡ. ಇಂಗ್ಲೆಂಡಿನ ಪೊಲೀಸರ ಆಡುಮಾತಿನಲ್ಲಿ ‘ಚಮ್ಮಿ’ ಅಂದರೆ ಅವರು ಹಿಡಿದು ತಂದ ಆರೋಪಿ. ಇದನ್ನು ಪಕ್ಕದ ಟೇಬಲ್ಲಿನವರಿಗೆ ಸದ್ಯಕ್ಕೆ ಹೇಳಬೇಡಿ.