ವಿಶೇಷ ಮಕ್ಕಳ ಶಾಲೆಗೆ ಬೇಸಿಗೆ ರಜೆ ಕೊಟ್ರೆ ಕಲ್ತಿದ್ದೆಲ್ಲಾ ಮರೆತುಹೋಗುತ್ತಾ?

ಸ್ವಲ್ಪ ಮಟ್ಟಿಗೆ ಹೌದು, ಆಟಿಸಂ ಇರೋ ಎಷ್ಟೋ ಮಕ್ಕಳಿಗೆ ದಿನಚರಿ ತಪ್ಪಿದ್ರೇನೇ ಕಿರಿಕಿರಿ, ಹಾಗಂತ ಏಪ್ರಿಲ್-ಮೇ ಪೂರ್ತಿ ಸ್ಲೇಟು ಹಿಡಿಸಿ ಕೂರಿಸೋದೂ ಬೇಡ. ನಮ್ಮ ತುಮಕೂರು ಕಡೆ ಆಗ ಹೇಗೂ ಹುಣಸೆಹಣ್ಣಿನ ಟೈಮು, ನಾನು ಮಗನ್ನ ಪಕ್ಕ ಕೂರಿಸ್ಕೊಂಡು ಸಿಪ್ಪೆ ಬಿಡಿಸಿ ನಾರು ಎಳೆದು ಬೀಜ ತೆಗೆಸ್ತೀನಿ, ಬೆರಳಿಗೆ ಥೆರಪಿನೂ ಆಯ್ತು, ಆಮೇಲೆ ಅದೇ ಬೀಜ ಹತ್ತತ್ತು ಗುಡ್ಡೆ ಮಾಡಿಸಿದ್ರೆ ಲೆಕ್ಕಾನೂ ಆಯ್ತು (ಮೂಗಿಗೆ ಬಾಯಿಗೆ ತುರುಕ್ಕೊಳ್ಳೋ ಅಭ್ಯಾಸ ಇದ್ರೆ ಮಾತ್ರ ಪಕ್ಕದಿಂದ ಏಳಲೇಬೇಡಿ). ಬಿಸಿಲು ಇಳಿದ್ಮೇಲೆ ಅಂಗಡಿಗೆ ಕರ್ಕೊಂಡೋಗಿ ದುಡ್ಡು ಮಗು ಕೈಲೇ ಕೊಡಿಸಿ, ಚಿಲ್ಲರೆನೂ ಅದೇ ಇಸ್ಕೊಳ್ಳಲಿ, ಲೇಟಾದ್ರೆ ಆಗ್ಲಿ. ರಜೆಗೆ ಮುಂಚೆ ಟೀಚರ್ ಹತ್ರ ಐಇಪಿ, ಅಂದ್ರೆ ಆ ಮಗುಗೇ ಅಂತ ಬರೆದಿರೋ ಕಲಿಕೆ ಪ್ಲಾನು, ಅದನ್ನ ಕೇಳಿ ಇಸ್ಕೊಂಡು ಅದ್ರಲ್ಲಿ ಎರಡೇ ಎರಡು ಗುರಿ ಮನೇಲಿ ಮುಂದುವರಿಸಿ ಸಾಕು.