ಮಿಜೆಟ್‌ಗೆ ಮೊದಲು ತಳ, ಆಮೇಲೆ ಎಂಜಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊಡಗಿನವು, ಅದರಲ್ಲೂ ಎಂಜಿ ಮಿಜೆಟ್ ಬಗ್ಗೆ. 1961ರಲ್ಲಿ ಬಂದ, ಇಬ್ಬರು ಕೂರುವ ಈ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಮೊದಲು 948 ಸಿಸಿ, 1962ರಿಂದ 1098, 1966ರಿಂದ 1275 ಸಿಸಿ ಎಂಜಿನ್. ತೂಕ ಏಳುನೂರು ಕಿಲೋ ಆಸುಪಾಸು. ಹೀಗಾಗಿ ನಾಲ್ಕು ಜಾಕ್‌ಸ್ಟ್ಯಾಂಡ್, ಗಟ್ಟಿ ನೆಲ, ಸೋರದ ಮಾಡು ಇದ್ದರೆ ಮನೆಯಲ್ಲೇ ಕೆಲಸ ಮಾಡಬಹುದು. ಕೊಡಗಿನಲ್ಲಿ ಕಷ್ಟವಿರುವುದು ಮೂರನೆಯದಕ್ಕೆ.

ಪ್ರಶ್ನೆ (ಸಿದ್ದಾಪುರ ಸಮೀಪದ ತೋಟದಿಂದ): ಕಾಫಿ ಗೋದಾಮಿನ ಮೂಲೆಯಲ್ಲಿ ಹದಿನೆಂಟು ವರ್ಷ ನಿಂತಿದ್ದ 1098 ಸಿಸಿ ಮಿಜೆಟ್ ಹೊರಗೆ ತಂದಿದ್ದೇವೆ. ಬಾಗಿಲ ಕೆಳಗಿನ ಉದ್ದ ತಗಡಿನ ತೊಲೆಗೆ (ಸಿಲ್) ಸ್ಕ್ರೂಡ್ರೈವರ್ ಚುಚ್ಚಿದರೆ ಸೀದಾ ಒಳಗೆ ಹೋಗುತ್ತದೆ. ಮೊದಲು ಎಂಜಿನ್ ಬಿಚ್ಚಿ ಮುಗಿಸೋಣ, ಸಿಲ್ ಆಮೇಲೆ ನೋಡೋಣ ಎಂದುಕೊಂಡಿದ್ದೇವೆ. ಸರಿಯೇ?

ಉತ್ತರ: ತಿರುಗಾಮುರುಗಾ ಆಯಿತು. ಮಿಜೆಟ್‌ಗೆ ಜೀಪಿನಂತೆ ಬೇರೆ ಚಾಸಿ ಇಲ್ಲ. ತಲೆಯ ಮೇಲೆ ಮಾಡೂ ಇಲ್ಲ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಟ್ಟಿರುವುದು ಎರಡು ಸಿಲ್, ನಡುವೆ ಗೇರ್‌ಬಾಕ್ಸ್ ಮೇಲಿನ ಉಬ್ಬು (ಟನೆಲ್), ಅಷ್ಟೇ. ಸಿಲ್ ಕೊಳೆತಿದ್ದರೆ ಕಾರು ನಡು ಮುರಿದ ಏಣಿಯಂತೆ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೂರಿಸಲು ಜಾಗವೇ ಇಲ್ಲ.

ಒಂದು ಪರೀಕ್ಷೆ ಮಾಡಿ. ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿನ ಸಂದು ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಅಳೆದು ಬರೆದಿಡಿ. ಆಮೇಲೆ ಸಿಲ್‌ನ ಜಾಕ್ ಜಾಗಕ್ಕೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿ. ಚಕ್ರ ನೆಲ ಬಿಡುವ ಮೊದಲೇ ಸಂದಿನ ಅಳತೆ ಬದಲಾದರೆ, ಅಥವಾ ಜಾಕ್ ಒಳಗೆ ಹೂತುಹೋದರೆ, ಒಳ ಸಿಲ್ಲೂ ಹೋಗಿದೆ ಎಂದರ್ಥ.

ಕತ್ತರಿಸುವ ಮೊದಲು ಬಾಗಿಲು ಕಳಚಿ, ಹಿಂಜ್ ಕಂಬದಿಂದ ಬೀಗದ ಕಂಬಕ್ಕೆ 25 ಮಿ.ಮೀ. ಚೌಕದ ಪೈಪನ್ನು ಅಡ್ಡಲಾಗಿ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ. ಮೇಲೊಂದು, ಕೆಳಗೊಂದು, ಎರಡೂ ಬದಿಗೆ. ಕಾರಿನ ಭಾರ ಸಸ್ಪೆನ್ಷನ್ ಮೇಲೆ, ಅಂದರೆ ಓಡುವಾಗ ಹೇಗಿರುತ್ತದೋ ಹಾಗೆಯೇ ಇರಲಿ. ನಡುವಿಗೆ ಸ್ಟ್ಯಾಂಡ್ ಕೊಟ್ಟು ಎರಡು ತುದಿ ಜೋತುಬಿಡಬೇಡಿ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬೇಡಿ. ಎರಡೂ ಸಿಲ್ ಒಟ್ಟಿಗೆ ಕತ್ತರಿಸಿದವರ ಕಾರಿನಲ್ಲಿ ಬಾಗಿಲು ಮತ್ತೆ ಕೂರುವುದಿಲ್ಲ. ಅಲ್ಲಿಂದ ಮುಂದೆ ಸರಿಪಡಿಸಲು ಬಾಡಿಯನ್ನು ಅಳತೆಗೆ ಹಿಡಿದಿಡುವ ಚೌಕಟ್ಟು (ಜಿಗ್) ಬೇಕು.

ಕ್ರಮ ಹೀಗಿರಲಿ: ಮೊದಲು ನೆಲದ ಅಂಚು ಮತ್ತು ಒಳ ಸಿಲ್, ನಂತರ ಸೀಟಿನ ಹಿಂದೆ ಸ್ಪ್ರಿಂಗ್ ಹಿಡಿಯುವ ಪೆಟ್ಟಿಗೆ, ಕೊನೆಗೆ ಹೊರ ಸಿಲ್. ನಿಮ್ಮದು 1964ಕ್ಕಿಂತ ಹಿಂದಿನದಾದರೆ ಹಿಂಬದಿಯಲ್ಲಿ ಕ್ವಾರ್ಟರ್ ಎಲಿಪ್ಟಿಕ್ ಸ್ಪ್ರಿಂಗ್ (ಒಂದೇ ತುದಿ ಬಾಡಿಗೆ ಬಿಗಿದ ಪಟ್ಟಿ ಸ್ಪ್ರಿಂಗ್) ಇರುತ್ತದೆ. ಹಿಂದಿನ ಆಕ್ಸಲ್‌ನ ಪೂರಾ ಒತ್ತಡ ಈ ಪೆಟ್ಟಿಗೆಗೇ ಬೀಳುತ್ತದೆ. ಅಲ್ಲಿ ತೇಪೆ ಸಾಲದು, ಗಟ್ಟಿ ತಗಡು ಸಿಗುವ ತನಕ ಕತ್ತರಿಸಬೇಕು. ಸಿಲ್‌ಗೆ 1.2 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟ್, ಸ್ಪ್ರಿಂಗ್ ಜಾಗಕ್ಕೆ 1.6 ಮಿ.ಮೀ. ಮನೆಯ ಮಾಡಿಗೆ ಹೊದಿಸಿ ಉಳಿದ, ಸತು ಲೇಪಿಸಿದ ಜಿಐ ಶೀಟ್ ಬೇಡ. ಸತುವಿನ ಹೊಗೆ ಜ್ವರ ಬರಿಸುತ್ತದೆ, ಬೆಸುಗೆಯೂ ರಂಧ್ರಮಯ.

ಗೇಟು, ಗ್ರಿಲ್ ಮಾಡುವವರ ಕಡ್ಡಿ ವೆಲ್ಡಿಂಗ್ ಇಲ್ಲಿಗೆ ಆಗದು, ತೆಳು ತಗಡು ತೂತು ಬೀಳುತ್ತದೆ. ತಂತಿ ತಾನೇ ಮುಂದೆ ಬರುವ ಮಿಗ್ ಮಷಿನ್, 0.8 ಮಿ.ಮೀ. ತಂತಿ, ಆರ್ಗಾನ್-ಸಿಒ2 ಮಿಶ್ರಣ ಬೇಕು. ಒಮ್ಮೆಗೆ 20 ಮಿ.ಮೀ. ಹೊಲಿಗೆ ಹಾಕಿ ದೂರದ ಇನ್ನೊಂದು ಜಾಗಕ್ಕೆ ಹೋಗಿ. ಒಂದೇ ಉಸಿರಿಗೆ ಉದ್ದಕ್ಕೂ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆಂದು ಸುತ್ತಲ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡುವ ಹೊತ್ತು ವೋಲ್ಟೇಜ್ ಬಿದ್ದಿರುತ್ತದೆ. ಆಗ ಬೆಸುಗೆ ಮೇಲೆ ಚೆಂದ ಕಂಡರೂ ಒಳಗೆ ಹಿಡಿದಿರುವುದಿಲ್ಲ. ಬೇರೆ ಎರಡು ತುಂಡು ತಗಡು ಬೆಸೆದು, ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಿಂದ ಬಗ್ಗಿಸಿ ನೋಡಿ. ಬೆಸುಗೆಯಲ್ಲೇ ಬಿಟ್ಟರೆ ಆ ದಿನ ಕೆಲಸ ಬೇಡ. ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ನೆಲದ ಕೆಳಗೇ ಇದೆ. ಅದನ್ನು ಇಳಿಸಿ ಶೆಡ್ಡಿನಿಂದಲೇ ಆಚೆ ಇಡಿ, ಬ್ಯಾಟರಿಯನ್ನೂ.

ಮುಗಿದ ಬೆಸುಗೆಯನ್ನು ಬರಿಮೈಯಲ್ಲಿ ರಾತ್ರಿ ಕಳೆಯಲು ಬಿಡಬೇಡಿ. ಬೆಳಿಗ್ಗೆ ಎದ್ದರೆ ಕಿತ್ತಳೆ ಬಣ್ಣ. ಅದೇ ಸಂಜೆ ಎಪಾಕ್ಸಿ ಪ್ರೈಮರ್, ಮಾರನೆ ದಿನ ಸೀಮ್ ಸೀಲರ್, ಬಣ್ಣ ಎಲ್ಲ ಮುಗಿದ ಮೇಲೆ ಸಿಲ್ ಒಳಗೆ ತುಕ್ಕು ತಡೆಯುವ ಮೇಣ (ಕ್ಯಾವಿಟಿ ವ್ಯಾಕ್ಸ್). ಕೆಳಗಿನ ನೀರು ಬಸಿಯುವ ತೂತು ಮುಚ್ಚಿಹೋಗಿಲ್ಲ ಎಂದು ತಂತಿ ಹಾಕಿ ನೋಡಿ. ಪುಟ್ಟಿ ನೀರು ಕುಡಿಯುವ ವಸ್ತು. ಅದನ್ನು ಬರಿ ತಗಡಿಗೆ ಬಳಿದು ಕಕ್ಕಡದ ಮಳೆ ತಿಂಗಳು (ಜುಲೈ-ಆಗಸ್ಟ್) ಕಳೆದರೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಗುಳ್ಳೆ ಏಳುತ್ತದೆ.

ಪ್ರಶ್ನೆ (ಮಡಿಕೇರಿಯಿಂದ): ನಮ್ಮ ಮಿಜೆಟ್‌ಗೆ ಜೋಡಿ ಎಸ್‌ಯು ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ). ಇಲ್ಲಿ ಸರಿಯಾಗಿ ಓಡುವ ಕಾರು ಮಂಗಳೂರಿಗೆ ಇಳಿದರೆ ಕೆಮ್ಮುತ್ತದೆ, ಬಿಸಿಯಾಗುತ್ತದೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ನಿಂದ ಹೀಗಾಗುತ್ತಿದೆಯೇ?

ಉತ್ತರ: ಅರ್ಧ ಅದು, ಇನ್ನರ್ಧ ಎತ್ತರ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಮೇಲಿದೆ, ಗಾಳಿ ಶೇ. 10ಕ್ಕೂ ಹೆಚ್ಚು ತೆಳು. ಎಸ್‌ಯು ಕಾರ್ಬ್ಯುರೇಟರ್ ಇದನ್ನು ತಾನೇ ಪೂರ್ತಿ ಸರಿದೂಗಿಸುವುದಿಲ್ಲ. ಮಿಶ್ರಣ ಸುಮಾರು ಶೇ. 6ರಷ್ಟು ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ. ಇನ್ನೊಂದು ಕಡೆ, ಶುದ್ಧ ಪೆಟ್ರೋಲ್‌ನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ 13.5 ಸಾಕು. ಅಂದರೆ ಪೆಟ್ರೋಲ್ ಬರುವ ಅದೇ ತೂತಿನಲ್ಲಿ (ಜೆಟ್) ಮಿಶ್ರಣ ಶೇ. 8ರಷ್ಟು ಲೀನ್ (ಪೆಟ್ರೋಲ್ ಕಡಿಮೆ). ಮಡಿಕೇರಿಯಲ್ಲಿ ಒಂದು ಇನ್ನೊಂದನ್ನು ಹೆಚ್ಚುಕಡಿಮೆ ಹೊಡೆದುಹಾಕುತ್ತದೆ. ಸುಳ್ಯ ದಾಟುವಷ್ಟರಲ್ಲಿ ಎತ್ತರದ ಸಹಾಯ ಹೋಗಿ ಲೀನ್ ಮಾತ್ರ ಉಳಿಯುತ್ತದೆ. ಕೆಮ್ಮು, ಕಾವು ಎರಡೂ ಅದರಿಂದಲೇ.

ಆದ್ದರಿಂದ ಟ್ಯೂನಿಂಗ್ ಮಾಡುವುದು ಕೆಳಗಿನ ಊರಿಗೆ. ಮೇಲೆ ತುಸು ರಿಚ್ ಓಡಿದರೆ ಪ್ಲಗ್ ಕಪ್ಪಾದೀತು, ಪಿಸ್ಟನ್ ಸುಡದು.

ಮೊದಲು ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು: ತಣ್ಣಗಿರುವಾಗ 0.30 ಮಿ.ಮೀ. ಎರಡು ವಾಲ್ವ್‌ಗಳ ಸಂಖ್ಯೆ ಕೂಡಿದರೆ ಒಂಬತ್ತು ಎಂಬ ಲೆಕ್ಕ ನೆನಪಿಡಿ: ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದು, ಮೂರನೆಯದು ತೆರೆದಾಗ ಆರನೆಯದು ಸರಿಮಾಡಬೇಕು. ಇಗ್ನಿಷನ್ ಪಾಯಿಂಟ್ ಸಂದು 0.35ರಿಂದ 0.40, ಪ್ಲಗ್ ಸಂದು 0.64 ಮಿ.ಮೀ. ಇವು ಸರಿಯಿಲ್ಲದೆ ಕಾರ್ಬ್ಯುರೇಟರ್ ತಿರುಗಿಸುತ್ತಾ ಕೂತರೆ ದಿನ ಕಳೆಯುತ್ತದೆ, ಅಷ್ಟೇ.

ಎರಡೂ ಜೆಟ್‌ಗಳನ್ನು ಮೇಲಕ್ಕೆ ಪೂರಾ ಒತ್ತಿ, ಅಲ್ಲಿಂದ ನಟ್ಟನ್ನು 12 ಮುಖ, ಅಂದರೆ ಎರಡು ಸುತ್ತು ಕೆಳಗಿಳಿಸಿ. ಎಂಜಿನ್ ಕಾದ ಮೇಲೆ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರ್ ಬಾಯಿಗೆ ಹಿಡಿದು, ಎರಡರ ಸುಯ್ಯೆನ್ನುವ ಸದ್ದು ಒಂದೇ ಸಮ ಬರುವಂತೆ ಥ್ರಾಟಲ್ ಸ್ಕ್ರೂ ತಿರುಗಿಸಿ. ಈಗ ಪಕ್ಕದ ಪಿನ್ ಒತ್ತಿ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ನನ್ನು ಕೂದಲಿನಷ್ಟು, 0.8 ಮಿ.ಮೀ., ಎತ್ತಿ. ವೇಗ ಏರಿ ಏರಿಯೇ ಉಳಿದರೆ ರಿಚ್, ಎಂಜಿನ್ ಕುಂದಿ ಸಾಯಹೊರಟರೆ ಲೀನ್. ಕ್ಷಣ ಏರಿ ಮೊದಲಿನ ವೇಗಕ್ಕೇ ಬಂದರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ. ಮಡಿಕೇರಿಯಲ್ಲಿ ಈ ಸರಿ ಬಿಂದು ಸಿಕ್ಕ ಮೇಲೆ ಎರಡರಲ್ಲೂ ಒಂದು ಮುಖ ಕೆಳಗಿಳಿಸಿ ಮಂಗಳೂರಿಗೆ ಹೋಗಿಬನ್ನಿ. ಇನ್ನೂ ಕೆಮ್ಮಿದರೆ ಇನ್ನೊಂದು. ಕಾರ್ಬ್ಯುರೇಟರ್ ಮೇಲಿನ ಎಣ್ಣೆ ಕೊಳವೆಗೆ (ಡ್ಯಾಶ್‌ಪಾಟ್) 20 ದರ್ಜೆಯ ಎಣ್ಣೆ ಇರಲಿ. ಅದು ಬತ್ತಿದ್ದರೂ ಪೆಡಲ್ ಒತ್ತಿದೊಡನೆ ಇದೇ ಕೆಮ್ಮು ಬರುತ್ತದೆ, ಜನ ಸುಮ್ಮನೆ ಪೆಟ್ರೋಲನ್ನು ಬಯ್ಯುತ್ತಾರೆ.

ಇ20ಯಿಂದ ನಿಜವಾದ ಅಪಾಯ ಹಳೆಯ ರಬ್ಬರ್ ಪೈಪಿಗೆ. ಬೆರಳಲ್ಲಿ ಹಿಸುಕಿದರೆ ಒಳಪದರ ಕಪ್ಪು ಪುಡಿಯಾಗಿ ಉದುರುತ್ತದೆ. ಆ ಪುಡಿ ಫ್ಲೋಟ್ ಸೂಜಿಯಲ್ಲಿ ಸಿಕ್ಕಿ ಪೆಟ್ರೋಲ್ ಉಕ್ಕಿ ಕಾದ ಎಕ್ಸಾಸ್ಟ್ ಮೇಲೆ ಬೀಳುತ್ತದೆ. ಎಥನಾಲ್ ತಡೆಯುವ ಇಂಜೆಕ್ಷನ್ ಹೋಸ್, ವೈಟಾನ್ (ಎಥನಾಲ್‌ಗೆ ಕೆಡದ ರಬ್ಬರ್) ತುದಿಯ ಸೂಜಿ ಹಾಕಿ. ಮಳೆಗಾಲ ಪೂರಾ ಕಾರು ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿಯೇ ನಿಲ್ಲಿಸಿ. ಎಥನಾಲ್ ಗಾಳಿಯ ತೇವ ಎಳೆದು ನೀರಾಗಿ ತಳದಲ್ಲಿ ಕೂರುತ್ತದೆ.

ಪ್ರಶ್ನೆ (ವಿರಾಜಪೇಟೆಯಿಂದ): ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಯಿತು, ಕೆಳಗೆ ಹೋಗಿ ಅರ್ಧ ಗಂಟೆ ನಿಂತ ಮೇಲೆ ಸರಿಯಾಯಿತು. ದೊಡ್ಡ ಡಿಸ್ಕ್ ಹಾಕಿಸಬೇಕೇ?

ಉತ್ತರ: ಬೇಡ, ಮೊದಲು ಬ್ರೇಕ್ ಆಯಿಲ್ ಬದಲಿಸಿ. ಇಬ್ಬರು ಕೂತ ಮಿಜೆಟ್ ಮಡಿಕೇರಿಯಿಂದ ಸುಳ್ಯಕ್ಕೆ ಸಾವಿರ ಮೀಟರ್ ಇಳಿಯುವಾಗ ಕಳೆದುಕೊಳ್ಳುವ ಶಕ್ತಿಯಲ್ಲಿ ಇಪ್ಪತ್ತೈದು ಲೀಟರ್ ತಣ್ಣೀರು ಕುದಿಗೆ ಬರುತ್ತದೆ, ಹೆಚ್ಚುಕಡಿಮೆ ಬಚ್ಚಲ ಹಂಡೆಯಷ್ಟು. ಎಂಜಿನ್ ಮತ್ತು ಗಾಳಿ ಹೊರದೆ ಬಿಟ್ಟ ಪಾಲೆಲ್ಲ ಬ್ರೇಕಿಗೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯಬೇಕು, ತೇವ ಹೀರಿದ ಮೇಲೆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದಾಗ ಪೈಪಿನಲ್ಲಿ ಆವಿಯ ಗುಳ್ಳೆ, ಪೆಡಲ್ ಸ್ಪಂಜು. ತಣಿದಾಗ ಮತ್ತೆ ಸರಿ. ನಿಮ್ಮ ಲಕ್ಷಣ ಇದೇ. ಕೊಡಗಿನ ತೇವಕ್ಕೆ ಪ್ರತಿ ವರ್ಷ ಮಳೆ ಮುಗಿದ ಮೇಲೆ ಬದಲಿಸುವುದು ಒಳ್ಳೆಯದು.

ಬ್ಲೀಡ್ ಮಾಡುವಾಗ (ಪೈಪಿನ ಗಾಳಿ ಹೊರಹಾಕುವಾಗ) ದೂರದಿಂದ ಹತ್ತಿರಕ್ಕೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಹಿಂದಿನ ಡ್ರಮ್‌ನ ಅಡ್ಜಸ್ಟರನ್ನು ಚಕ್ರ ಹಿಡಿಯುವ ತನಕ ಬಿಗಿದು ಒಂದು ಕ್ಲಿಕ್ ಹಿಂದಕ್ಕೆ ಬಿಡಿ. ಘಾಟಿ ಇಳಿದ ಮೇಲೆ ಒಂದೇ ಚಕ್ರ ಹೆಚ್ಚು ಕಾದಿದ್ದರೆ ರಬ್ಬರ್ ಹೋಸ್ ಒಳಗೆ ಊದಿರುತ್ತದೆ. ಒತ್ತಿದ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಮೂರೂ ಹೋಸ್ ಹೊಸತು ಹಾಕಿ. ಆ ಕಾಲದ ಮಿಜೆಟ್‌ನಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ತುಕ್ಕು ಹಿಡಿದ ಉಕ್ಕಿನ ಪೈಪಿನ ಬದಲು ತಾಮ್ರ-ನಿಕಲ್ ಪೈಪ್ ಎಳೆಸಿ. ಮತ್ತೆ, ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ಪ್ರಶ್ನೆ (ಗೋಣಿಕೊಪ್ಪಲಿನಿಂದ): ಎಂಜಿನ್ ಸವೆದಿದೆ. ಗುಜರಿಯಲ್ಲಿ ಸಿಗುವ ಮಾರುತಿಯ 1.3 ಲೀಟರ್ ಎಂಜಿನ್ ಕೂರಿಸಿದರೆ?

ಉತ್ತರ: ಕೂರುತ್ತದೆ, ಆದರೆ ನಮ್ಮ ಸಲಹೆ ಬೇಡ ಎಂದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2021ರ ವಿಂಟೇಜ್ ನಿಯಮದ ಲಾಭವೂ ತಪ್ಪುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ಕಾರಿಗೆ 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷದ ‘ವಿಎ’ ನಂಬರ್ ಸಿಗುತ್ತದೆ. ಆದರೆ ಆ ನಂಬರಿನ ಕಾರು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸುವಂಥ ಓಡಾಟಕ್ಕೆ ಮಾತ್ರ. ದಿನಾ ಸಂತೆಗೆ ಹೋಗುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಲಿ.

ಹಳೆಯ ಎಂಜಿನ್ನನ್ನೇ ರೀಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರ್ ಕೊರೆಸಿ ಸಮಮಾಡಿಸಿ. 1098ರ ಸ್ಟ್ರೋಕ್ 83.72 ಮಿ.ಮೀ., ಬೋರ್ 64.58, ಉದ್ದ ಸ್ಟ್ರೋಕಿನ ಎಂಜಿನ್ನನ್ನು 5,500 ಆರ್‌ಪಿಎಂ ಮೇಲೆ ಹೊಡೆಯಬಾರದು. ಹೆಡ್ ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಕೊನೆಗೆ 40 ಪೌಂಡ್-ಅಡಿಗೆ. ಹಣ ಉಳಿದರೆ ಎಲೆಕ್ಟ್ರಾನಿಕ್ ಇಗ್ನಿಷನ್, ಹೆಡ್‌ಲೈಟಿಗೆ ರಿಲೇ. 60/55 ವಾಟ್‌ನ ಎರಡು ಬಲ್ಬಿಗೆ ಹತ್ತು ಆಂಪಿಯರ್ ಬೇಕು. ಅದು ಹಳೆಯ ಸ್ವಿಚ್ ಮೂಲಕ ಹೋದರೆ ಸ್ವಿಚ್ ಕಾಯುತ್ತದೆ, ಮಂಜಿನಲ್ಲಿ ದೀಪ ಮಂಕಾಗುತ್ತದೆ. 2.5 ಚದರ ಮಿ.ಮೀ. ವೈರ್, 15 ಆಂಪಿಯರ್ ಫ್ಯೂಸ್ ಸಾಕು. ಇಗ್ನಿಷನ್ ಕೊಳ್ಳುವ ಮೊದಲು ಬ್ಯಾಟರಿ ನೋಡಿ: 1967ಕ್ಕಿಂತ ಹಿಂದಿನ ಕಾರಲ್ಲಿ ಪಾಸಿಟಿವ್ ತುದಿ ಬಾಡಿಗೆ ಅರ್ತ್ ಆಗಿರುತ್ತದೆ. ಉಲ್ಟಾ ಜೋಡಿಸಿದರೆ ಇಗ್ನಿಷನ್ ಮಾಡ್ಯೂಲ್ ಒಂದೇ ಸೆಕೆಂಡಿನಲ್ಲಿ ಸುಡುತ್ತದೆ.

ಪ್ರಶ್ನೆ (ಕುಶಾಲನಗರದಿಂದ): ಸ್ಯಾನ್ ಸ್ಟಾರ್ಮ್ ಕಾರಿನ ಫೈಬರ್ ಬಾಡಿ ಬಾಗಿಲ ಹಿಂಜ್ ಬಳಿ ಬಿರುಕು ಬಿಟ್ಟಿದೆ. ಎರಡು ಸಲ ಪುಟ್ಟಿ ಹಾಕಿದರೂ ಮತ್ತೆ ಬಂತು.

ಉತ್ತರ: ಬಿರುಕು ಕಾಯಿಲೆಯಲ್ಲ, ಲಕ್ಷಣ. ಒಳಗೆ ಹಿಂಜ್ ಹಿಡಿದಿರುವ ಉಕ್ಕಿನ ಪಟ್ಟಿ ಸಡಿಲಿದೆಯೇ, ತುಕ್ಕು ತಿಂದು ಊದಿದೆಯೇ ನೋಡಿ. ಅದನ್ನು ಮೊದಲು ಸರಿಮಾಡಿ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಒಳಮೈಯನ್ನು ಸುತ್ತ 40 ಮಿ.ಮೀ. ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಚಾಪ್ಡ್ ಮ್ಯಾಟ್ ಮೂರು ಪದರ ಹಾಕಿ. ಮ್ಯಾಟ್‌ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್.

ನಮ್ಮಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತಿರುವ ಹಾರ್ಡನರ್. ಇವೆರಡನ್ನು ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತುತ್ತದೆ, ಸಿಡಿಯಲೂಬಹುದು. ಒಂದೇ ಚಮಚ ಎರಡಕ್ಕೂ ಬಳಸಬೇಡಿ. ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರಾ ಕಲಸಿದ ನಂತರವೇ ಹಾರ್ಡನರ್, 100 ಗ್ರಾಂಗೆ ಒಂದೂವರೆಯಿಂದ ಎರಡು ಗ್ರಾಂ. 15 ಡಿಗ್ರಿಗಿಂತ ತಂಪಿದ್ದರೆ ಗಟ್ಟಿಯಾಗದು, ಮ್ಯಾಟ್ ತೇವ ಹಿಡಿದಿದ್ದರೆ ಬೆಳ್ಳಗೆ ಮಬ್ಬಾಗಿ ಕೂತು ಪದರ ಬಿಡುತ್ತದೆ. ಕಾಫಿ ಒಣಗುವಂಥ ಬಿಸಿಲು ಬೇಕು. ಮಳೆಗಾಲದಲ್ಲಿ ಕೈ ಹಾಕಬೇಡಿ.

ಪ್ರಶ್ನೆ (ಸೋಮವಾರಪೇಟೆಯಿಂದ): 13ರ ಸ್ಪ್ಯಾನರ್ ಹಾಕಿ ಮಿಜೆಟ್‌ನ ಮೂರು ಬೋಲ್ಟ್ ಮೂಲೆ ಸವೆಸಿದೆ.

ಉತ್ತರ: ಅದು ಅರ್ಧ ಇಂಚಿನ ತಲೆ, 12.7 ಮಿ.ಮೀ. ಈ ಕಾರಿಗೆ ಬೇಕಾದ್ದು ಇಂಚಿನ ಎಎಫ್ (ಬೋಲ್ಟ್ ತಲೆಯ ಎದುರುಬದುರು ಮುಖಗಳ ಅಂತರದ ಅಳತೆ) ಸ್ಪ್ಯಾನರ್: 7/16, 1/2, 9/16. ಹೊಸತು ಹುಡುಕುವ ಮೊದಲು ನಿಮ್ಮೂರಿನ ಹಳೆಯ ಜೀಪ್ ಮೆಕ್ಯಾನಿಕ್‌ನ ಪೆಟ್ಟಿಗೆ ನೋಡಿ. ವಿಲ್ಲೀಸ್ ಕಾಲದ ಜೀಪಿಗೂ ಇದೇ ಅಳತೆ.